ಓದುವ ಕೋಣೆಗೆ ಜಾಹೀರಾತಿನ ಉಚಿತ ವೈಫೈ ಹಾಕಿಸಲಾ, ದುಡ್ಡು ಕೊಟ್ಟು ಲೈನ್ ತಗೊಳ್ಳಲಾ?

ಓದಿನಮನೆ (ಕಲಬುರಗಿ) · ಸೋಮವಾರ, ಬೆಳಿಗ್ಗೆ 7:10

ಎಲ್ಲರಿಗೂ ಶರಣು. ಸೇಡಂ ರಸ್ತೆ ಕಡೆ ನನ್ನದೊಂದು ಓದುವ ಕೋಣೆ ಇದೆ. 40 ಕುರ್ಚಿ ಹಾಕಿದ್ದೇನೆ. ಪಿಎಸ್‌ಐ, ಎಫ್‌ಡಿಎ, ಟಿಇಟಿ, ಕೆಎಎಸ್ ಅಂತ ಓದುವ ಹುಡುಗ ಹುಡುಗಿಯರು ಬರುತ್ತಾರೆ. ಆಳಂದ, ಅಫಜಲಪುರ, ಚಿಂಚೋಳಿ ಕಡೆಯ ಹಳ್ಳಿಯವರೇ ಜಾಸ್ತಿ. ಬೆಳಿಗ್ಗೆ ಬಂದು ಕೂತರೆ ರಾತ್ರಿ ಊಟದ ಹೊತ್ತಿಗೆ ಏಳುತ್ತಾರೆ.

ಇಲ್ಲಿಯವರೆಗೆ ವೈಫೈ ಇಟ್ಟಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಮೊಬೈಲ್ ಡೇಟಾದಲ್ಲೇ ಕ್ಲಾಸ್ ನೋಡುತ್ತಿದ್ದರು. ಹೋದ ವಾರ ಒಂದು ಕಂಪನಿಯವರು ಬಂದಿದ್ದರು. ವೈಫೈ ಪೆಟ್ಟಿಗೆ ನಾವೇ ಕೂರಿಸುತ್ತೇವೆ, ಲೈನ್ ನಾವೇ ಎಳೆಯುತ್ತೇವೆ, ನೀವು ಒಂದು ಪೈಸೆ ಕೊಡಬೇಡಿ ಅಂದರು. ಹುಡುಗರು ಮೊಬೈಲ್ ನಂಬರ್, ಹೆಸರು, ವಯಸ್ಸು ಹಾಕಿ ಒಳಗೆ ಬರಬೇಕು. ಅರ್ಧ ಗಂಟೆಗೊಮ್ಮೆ 30 ಸೆಕೆಂಡಿನ ಒಂದು ಜಾಹೀರಾತು ಬರುತ್ತದೆ. ಅದನ್ನು ಪೂರ್ತಿ ನೋಡಿದರೆ ಮತ್ತೆ ಅರ್ಧ ಗಂಟೆ ನೆಟ್. ಇಷ್ಟೇ ಷರತ್ತು.

ಕೇಳಿದಾಗ ಖುಷಿಯಾಯಿತು. ನಮ್ಮ ಹುಡುಗರ ಹತ್ತಿರ ದುಡ್ಡಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಆದರೆ ಸಹಿ ಹಾಕುವಾಗ ಕೈ ಹಿಂದೆ ಸರಿಯಿತು. ಯಾಕೆ ಅಂತ ನನಗೇ ಸರಿಯಾಗಿ ಹೇಳಲು ಬರುತ್ತಿಲ್ಲ. ಶುಕ್ರವಾರ ಅವರು ಮತ್ತೆ ಬರುತ್ತಾರೆ. ತಿಳಿದವರು ಹೇಳಿ.

ಭೀಮಾತೀರ (ಜೇವರ್ಗಿ) · ಸೋಮವಾರ, 7:45

ಸರ್, ದಯವಿಟ್ಟು ಹಾಕಿಸಿಬಿಡಿ. ನಾನೂ ಇಂಥದ್ದೇ ಒಂದು ಕೋಣೆಯಲ್ಲಿ ಓದುತ್ತೇನೆ. ನನ್ನದು 299ರ ಪ್ಯಾಕ್, ದಿನಕ್ಕೆ ಒಂದೂವರೆ ಜಿಬಿ. ಒಂದು ಗಂಟೆಯ ಕ್ಲಾಸ್ ಸಾಧಾರಣ ಕ್ವಾಲಿಟಿಯಲ್ಲಿ ನೋಡಿದರೂ ಸುಮಾರು ಅರ್ಧ ಜಿಬಿ ಹೋಗುತ್ತದೆ. ಮೂರು ಕ್ಲಾಸ್ ಮುಗಿಸುವಷ್ಟರಲ್ಲಿ ಡೇಟಾ ಖಾಲಿ. ಆಮೇಲೆ ಸ್ಪೀಡು 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅದರಲ್ಲಿ ಪಿಡಿಎಫ್ ಕೂಡ ತೆರೆಯುವುದಿಲ್ಲ. ಸಂಜೆ ಹೊತ್ತು ಕರೆಂಟ್ ಅಫೇರ್ಸ್ ಓದೋಣ ಅಂದರೆ ಆಗುವುದಿಲ್ಲ.

ಅಪ್ಪನಿಗೆ ಫೋನ್ ಮಾಡಿ ರೀಚಾರ್ಜ್ ಮಾಡಿಸು ಅಂತ ಕೇಳುವುದು ಎಷ್ಟು ಕಷ್ಟ ಅಂತ ಕೇಳಿದವರಿಗೇ ಗೊತ್ತು. 30 ಸೆಕೆಂಡಿನ ಜಾಹೀರಾತು ಏನು ಮಹಾ?

ವಾಡಿಜಂಕ್ಷನ್ · ಸೋಮವಾರ, 9:20

ನಾನು ದಿನಾ ಯಾದಗಿರಿಯಿಂದ ಕಲಬುರಗಿಗೆ ರೈಲಿನಲ್ಲಿ ಓಡಾಡುವವನು. ರೈಲ್ವೆ ನಿಲ್ದಾಣದ ವೈಫೈ ಕಥೆ ಗೊತ್ತಿರುವುದರಿಂದ ಹೇಳುತ್ತೇನೆ.

2016ರ ಜನವರಿಯಲ್ಲಿ ಗೂಗಲ್ ಮತ್ತು ರೈಲ್ವೆಯದೇ ಟೆಲಿಕಾಂ ಕಂಪನಿ ರೈಲ್‌ಟೆಲ್ ಸೇರಿ ಮುಂಬೈ ಸೆಂಟ್ರಲ್‌ನಲ್ಲಿ ಉಚಿತ ವೈಫೈ ಶುರು ಮಾಡಿದರು. 2018ರ ಜೂನ್ ಹೊತ್ತಿಗೆ 400 ನಿಲ್ದಾಣ ಮುಟ್ಟಿತು. ಆಗ ಎಷ್ಟೋ ಜನ ನಿಲ್ದಾಣದಲ್ಲಿ ಕೂತು ಪರೀಕ್ಷೆಗೆ ಓದಿದರು. ಕೇರಳದಲ್ಲಿ ಒಬ್ಬ ಕೂಲಿ ಅದೇ ವೈಫೈಯಲ್ಲಿ ಪಾಠ ಕೇಳುತ್ತಾ ಸರ್ಕಾರಿ ಪರೀಕ್ಷೆ ಬರೆದ ಸುದ್ದಿ ಪೇಪರಿನಲ್ಲಿ ಬಂದಿತ್ತು. ಆದರೆ 2020ರ ಫೆಬ್ರುವರಿಯಲ್ಲಿ ಗೂಗಲ್ ಈ ಕೆಲಸ ನಿಲ್ಲಿಸುತ್ತೇವೆ ಅಂದಿತು. ಮೊಬೈಲ್ ಡೇಟಾ ಅಗ್ಗವಾಗಿದೆ, ಇನ್ನು ಇದರ ಅಗತ್ಯ ಮೊದಲಿನಷ್ಟಿಲ್ಲ ಅನ್ನುವುದು ಅವರು ಕೊಟ್ಟ ಕಾರಣ.

ಜಾಹೀರಾತಿನಿಂದಲೇ ಬದುಕುವ ಅಷ್ಟು ದೊಡ್ಡ ಕಂಪನಿಯೇ ಕೈ ಬಿಟ್ಟಿತು. ಆಮೇಲೆ ರೈಲ್‌ಟೆಲ್ ಒಬ್ಬರೇ ನಡೆಸಿದರು. ಮೊದಲ ಅರ್ಧ ಗಂಟೆ 1 ಎಂಬಿಪಿಎಸ್‌ನಲ್ಲಿ ಉಚಿತ, ಅದರಾಚೆ ದುಡ್ಡು. 2021ರ ಮಾರ್ಚ್‌ನಲ್ಲಿ ಪ್ಲಾನ್ ತಂದಾಗ ಒಂದು ದಿನಕ್ಕೆ 5 ಜಿಬಿಗೆ 10 ರೂಪಾಯಿ ಇಟ್ಟಿದ್ದರು. ರೈಲು ತಡವಾದ ದಿನ ನಾನು ಆ 10 ರೂಪಾಯಿ ಕೊಟ್ಟಿದ್ದೇನೆ. ಕೊಟ್ಟಿದ್ದಕ್ಕೆ ಬೇಸರವಾಗಿಲ್ಲ.

ಶಹಾಬಾದ್‌ಟೀಚರ್ · ಸೋಮವಾರ, ಮಧ್ಯಾಹ್ನ 1:30

ಜಾಹೀರಾತು ಅಂದ ಕೂಡಲೇ ಕೆಟ್ಟದ್ದು ಅಂತ ನೋಡಬಾರದು ಅಂತ ನನಗನಿಸುತ್ತದೆ. ನಾವು ಸಣ್ಣವರಿದ್ದಾಗ ದೂರದರ್ಶನ ನೋಡಿದ್ದು ಹೇಗೆ? ನಮ್ಮ ಮನೆಗೆ ಬರುವ ಪೇಪರ್ ಅಷ್ಟು ಕಡಿಮೆಗೆ ಸಿಗುವುದು ಹೇಗೆ? ಅದರ ಕಾಗದದ ಖರ್ಚೇ ನಾವು ಕೊಡುವ ದುಡ್ಡಿನಲ್ಲಿ ಹುಟ್ಟುವುದಿಲ್ಲ. ಯಾರೋ ಸೀರೆ ಅಂಗಡಿಯವರು ಜಾಹೀರಾತು ಕೊಟ್ಟಿದ್ದಕ್ಕೆ ನಮ್ಮಂಥ ಮನೆಯಲ್ಲೂ ಓದು ಬಂತು. ಬಡವರ ಮಕ್ಕಳಿಗೆ ಅನುಕೂಲವಾಗುವುದಾದರೆ ಆಗಲಿ ಬಿಡಿ.

ಕೇಬಲ್‌ಕಾಕಾ (ಕಲಬುರಗಿ) · ಸೋಮವಾರ, ರಾತ್ರಿ 9:50

ಟೀಚರ್ ಅಕ್ಕೋರ ಮಾತು ಸರಿ ಇದೆ, ಆದರೆ ಒಂದು ಫರಕು ಇದೆ. ಪೇಪರಿನ ಜಾಹೀರಾತಿಗೆ ಓದುವವರು ಯಾರು ಅಂತ ಗೊತ್ತಾಗುವುದಿಲ್ಲ. ಬೇಡ ಅಂದರೆ ಪುಟ ತಿರುವುತ್ತೇವೆ. ಈ ವೈಫೈಗೆ ನಂಬರ್ ಗೊತ್ತು, ಹೆಸರು ಗೊತ್ತು, ವಯಸ್ಸು ಗೊತ್ತು, ಎಷ್ಟು ಗಂಟೆಗೆ ಬಂದು ಎಷ್ಟು ಗಂಟೆಗೆ ಎದ್ದರು ಅದೂ ಗೊತ್ತು. ಪುಟ ತಿರುವಲು ಬಿಡುವುದಿಲ್ಲ.

ನಾನು ಬಹಳ ವರ್ಷದಿಂದ ಕೇಬಲ್, ಈಗ ಫೈಬರ್ ಎಳೆಯುವ ಕೆಲಸ ಮಾಡುತ್ತೇನೆ. ಈ ಪೆಟ್ಟಿಗೆ ಹೇಗೆ ನಡೆಯುತ್ತದೆ ಹೇಳುತ್ತೇನೆ ಕೇಳಿ. ಫೋನ್ ವೈಫೈಗೆ ಸೇರಿದ ಕೂಡಲೇ ಬೇರೆ ಎಲ್ಲ ದಾರಿ ಮುಚ್ಚಿ ಒಂದೇ ಪುಟ ತೋರಿಸುತ್ತದೆ. ಅಲ್ಲಿ ನಂಬರ್ ಹಾಕಬೇಕು, ಒಟಿಪಿ ಬರುತ್ತದೆ. ಬಳಸುವವರು ಯಾರು ಅಂತ ಗುರುತು ಇಟ್ಟುಕೊಳ್ಳುವುದು ಟೆಲಿಕಾಂ ಇಲಾಖೆಯ ನಿಯಮ, ಹಾಗಾಗಿ ಒಟಿಪಿ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ನಿಯಮಕ್ಕೆ ನಂಬರ್ ಸಾಕು. ವಯಸ್ಸು ಯಾಕೆ ಬೇಕು? ಅದು ಜಾಹೀರಾತು ಮಾರಲು ಬೇಕು.

ಒಳಗೆ ಹೋದ ಮೇಲೆ ಏನು ಕಾಣುತ್ತದೆ? ಈಗಿನ ಸೈಟು, ಆ್ಯಪ್ ಎಲ್ಲ ಬೀಗ ಹಾಕಿಕೊಂಡೇ ಓಡಾಡುತ್ತವೆ. ನೀವು ಏನು ಬರೆದಿರಿ, ಏನು ಓದಿದಿರಿ ಪೆಟ್ಟಿಗೆಯವರಿಗೆ ಕಾಣುವುದಿಲ್ಲ. ಆದರೆ ಯಾವ ಸೈಟಿಗೆ ಹೋದಿರಿ ಅನ್ನುವುದು ಸಾಮಾನ್ಯವಾಗಿ ಕಾಣುತ್ತದೆ. ಒಬ್ಬಳು ಹುಡುಗಿ ದಿನಾ ನರ್ಸಿಂಗ್ ಪರೀಕ್ಷೆಯ ಸೈಟು ನೋಡುತ್ತಾಳೆ ಅಂತ ಗೊತ್ತಾದರೆ, ಆ ನಂಬರ್ ಕೋಚಿಂಗ್‌ನವರಿಗೆ ಬಹಳ ಬೆಲೆಯದ್ದು.

ಭೀಮಾತೀರ ತಮ್ಮನಿಗೆ ಇನ್ನೊಂದು ಮಾತು. ಪ್ಯಾಕ್ ಮುಗಿದು ಕೆಲವು ದಿನ ಆದರೆ ಇನ್‌ಕಮಿಂಗ್ ಕೂಡ ನಿಲ್ಲುತ್ತದೆ. ಆಗ ಒಟಿಪಿ ಬರುವುದಿಲ್ಲ. ಅಂದರೆ ರೀಚಾರ್ಜ್‌ಗೆ ದುಡ್ಡಿಲ್ಲದವನಿಗೇ ಈ ಉಚಿತ ವೈಫೈ ಬಾಗಿಲು ತೆರೆಯುವುದಿಲ್ಲ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಭೀಮಾತೀರ · ಸೋಮವಾರ, ರಾತ್ರಿ 10:15

ಕಾಕಾ, ಒಟಿಪಿ ವಿಷಯ ನನಗೆ ಹೊಳೆದಿರಲಿಲ್ಲ. ನಮ್ಮ ರೂಮಿನ ಗೆಳೆಯನ ಸಿಮ್ ಈಗ ಹಾಗೇ ಬಿದ್ದಿದೆ.

ತೊಗರಿಕಣಜ (ಊರು ಕಲಬುರಗಿ, ಸದ್ಯ ಬೆಂಗಳೂರು) · ಮಂಗಳವಾರ, ಬೆಳಿಗ್ಗೆ 8:05

ನಾನು ಜಾಹೀರಾತು ಕಂಪನಿಯಲ್ಲೇ ಕೆಲಸ ಮಾಡುವವನು, ಹಾಗಾಗಿ ಲೆಕ್ಕ ಹಾಕಿ ತೋರಿಸುತ್ತೇನೆ. ಇಲ್ಲಿ ಯಾರೂ ಲೆಕ್ಕಕ್ಕೆ ಬರಲಿಲ್ಲ, ವಿಷಯ ಇರುವುದೇ ಅಲ್ಲಿ.

ನಮ್ಮಲ್ಲಿ ಜಾಹೀರಾತಿನ ದರ ಸಾವಿರಕ್ಕೆ ಇಷ್ಟು ಅಂತ ಇರುತ್ತದೆ. ಸಾವಿರ ಸಲ ತೋರಿಸಿದ್ದಕ್ಕೆ ನಿಮ್ಮ ಪೆಟ್ಟಿಗೆ ಕಂಪನಿಗೆ 100 ರೂಪಾಯಿ ಸಿಗುತ್ತದೆ ಅಂತ ಇಟ್ಟುಕೊಳ್ಳಿ. ಒಂದು ಸಲಕ್ಕೆ 10 ಪೈಸೆ ಆಯಿತು. ಒಬ್ಬ ಹುಡುಗ ದಿನಕ್ಕೆ ನಾಲ್ಕು ಗಂಟೆ ನೆಟ್ ಬಳಸಿದರೆ ಎಂಟು ಜಾಹೀರಾತು. 40 ಜನಕ್ಕೆ 320. ಅಂದರೆ ದಿನಕ್ಕೆ 32 ರೂಪಾಯಿ, 30 ದಿನಕ್ಕೆ 960.

ಈಗ ಆ 960ನ್ನು 40 ಜನಕ್ಕೆ ಹಂಚಿ. ತಲೆಗೆ 24 ರೂಪಾಯಿ.

ಇನ್ನೊಂದು ಕಡೆಯಿಂದ ನೋಡಿ. ಎಂಟು ಜಾಹೀರಾತು ಅಂದರೆ ದಿನಕ್ಕೆ ನಾಲ್ಕು ನಿಮಿಷ. ತಿಂಗಳಿಗೆ 120 ನಿಮಿಷ. ನಿಮ್ಮ ಪ್ರತಿ ಹುಡುಗ ತಿಂಗಳಿಗೆ ಎರಡು ತಾಸು ಓದನ್ನು 24 ರೂಪಾಯಿಗೆ ಮಾರಿದ ಹಾಗಾಯಿತು. ಅದೂ ಬರೀ ಎರಡು ತಾಸಲ್ಲ. ಸಂವಿಧಾನದ ಅನುಚ್ಛೇದ ಓದುತ್ತಾ ಕೂತವನ ಎದುರು ಬೈಕಿನ ಜಾಹೀರಾತು ಬಂದು ಹೋದರೆ, ಮತ್ತೆ ಅದೇ ಸಾಲಿಗೆ ಮನಸ್ಸು ತರಲು ಎಷ್ಟು ಹೊತ್ತು ಬೇಕು ಅಂತ ಓದುವವರನ್ನೇ ಕೇಳಿ.

ದರ ನಾನು ಹೇಳಿದ್ದಕ್ಕಿಂತ ಎರಡು ಪಟ್ಟು ಇದ್ದರೂ ತಲೆಗೆ 48. ಅಷ್ಟು ಸಣ್ಣ ದುಡ್ಡಿನಲ್ಲಿ ಲೈನ್, ಪೆಟ್ಟಿಗೆ, ರಿಪೇರಿ, ಸಂಬಳ ಎಲ್ಲ ನಡೆಯಬೇಕು. ನಡೆಯದಿದ್ದಾಗ ಎರಡೇ ದಾರಿ. ಜಾಹೀರಾತು ಜಾಸ್ತಿ ಮಾಡುತ್ತಾರೆ, ಇಲ್ಲವೇ ನಂಬರ್‌ಗಳನ್ನು ಮಾರುತ್ತಾರೆ.

ಇದು ಹೊಸ ಕನಸೇನಲ್ಲ. ಬ್ಲೈಕ್ ಅಂತ ಒಂದು ಮೊಬೈಲ್ ಸೇವೆ 2007ರಲ್ಲಿ ಬ್ರಿಟನ್‌ನಲ್ಲಿ ಶುರುವಾಯಿತು. ನೋಕಿಯಾದ ಮಾಜಿ ಅಧ್ಯಕ್ಷ ಪೆಕ್ಕಾ ಆಲಾ ಪಿಯೆಟಿಲಾ ಅದನ್ನು ಕಟ್ಟಿದವರಲ್ಲಿ ಒಬ್ಬರು. 16ರಿಂದ 24 ವಯಸ್ಸಿನವರಿಗೆ ತಿಂಗಳಿಗೆ 217 ಮೆಸೇಜು, 43 ನಿಮಿಷ ಮಾತು ಉಚಿತ. ಬದಲಿಗೆ ದಿನಕ್ಕೆ ಆರರವರೆಗೆ ಜಾಹೀರಾತು ಮೆಸೇಜು. ಎರಡು ಲಕ್ಷ ಜನ ಸೇರಿದರು. ಆದರೂ 2009ರಲ್ಲಿ ಅಲ್ಲಿನ ಸೇವೆ ನಿಂತಿತು. ದಿನಕ್ಕೆ ಆರು ಮೆಸೇಜಿನ ಆದಾಯದಲ್ಲಿ ನೆಟ್‌ವರ್ಕ್ ಖರ್ಚು ತೂಗಿಸುವುದು ಸುಲಭವಲ್ಲ. ನಮ್ಮಲ್ಲೂ ಆ್ಯಪ್ ಹಾಕಿಕೊಂಡರೆ ಟಾಕ್‌ಟೈಮ್ ಕೊಡುವ ಎಂಸೆಂಟ್ ಇತ್ತಲ್ವಾ, ಕಾಲೇಜಿನಲ್ಲಿದ್ದಾಗ ನಾನೂ ಬಳಸಿದ್ದೆ.

ರೀಚಾರ್ಜ್‌ಅಂಗಡಿ (ಚಿತ್ತಾಪುರ) · ಮಂಗಳವಾರ, 11:40

ಅಣ್ಣಾರ ಲೆಕ್ಕ ಒಪ್ಪಿದೆ. ನನ್ನ ಕೌಂಟರಿನ ಲೆಕ್ಕವನ್ನೂ ಸೇರಿಸಿಕೊಳ್ಳಿ.

2024ರ ಜುಲೈ 3ರಿಂದ ದರ ಏರಿತು. ಜಿಯೋದ 239ರ ಪ್ಯಾಕ್ 299 ಆಯಿತು. 155ರದ್ದು 189. ಒಂದು ಜಿಬಿಯ ಸಣ್ಣ ಪ್ಯಾಕ್ 15 ಇದ್ದದ್ದು 19. ಅದೇ ವಾರ ಏರ್‌ಟೆಲ್, ವಿಐ ಕೂಡ ಏರಿಸಿದವು. ಜನ ಇದನ್ನೆಲ್ಲ ತಿಂಗಳ ಪ್ಯಾಕ್ ಅನ್ನುತ್ತಾರೆ, ಆದರೆ ಅದು 28 ದಿನದ್ದು. ವರ್ಷಕ್ಕೆ 12 ಸಲ ಅಲ್ಲ, 13 ಸಲ ಹಾಕಿಸಬೇಕು. ನಾಲ್ಕು ಫೋನ್ ಇರುವ ಮನೆಗೆ 299ರಂತೆ ವರ್ಷಕ್ಕೆ 15,548 ರೂಪಾಯಿ. ತೊಗರಿ ದರ ಬಿದ್ದ ವರ್ಷ ಈ ದುಡ್ಡು ಸಣ್ಣದಲ್ಲ. ಮುಂಬೈ, ಪುಣೆಗೆ ದುಡಿಯಲು ಹೋದವರ ತಾಯಂದಿರು ನನ್ನ ಅಂಗಡಿಗೆ ಬಂದು, ಮಗನ ಫೋನ್ ಬರಬೇಕು ಅಷ್ಟೇ, ನೆಟ್ ಬೇಡ, ಕಡಿಮೆದು ಹಾಕಪ್ಪಾ ಅನ್ನುತ್ತಾರೆ.

ಅವರಿಗಾಗಿ ಒಂದು ಒಳ್ಳೆಯದಾಗಿದೆ. 2024ರ ಡಿಸೆಂಬರ್‌ನಲ್ಲಿ, ಟೆಲಿಕಾಂ ಕಂಪನಿಗಳ ಮೇಲೆ ನಿಗಾ ಇಡುವ ಟ್ರಾಯ್ ಒಂದು ನಿಯಮ ತಂದಿತು. ಬರೀ ಮಾತು, ಮೆಸೇಜಿನ ಪ್ಯಾಕ್ ಪ್ರತ್ಯೇಕವಾಗಿ ಇಡಲೇಬೇಕು ಅಂತ. ಅದರ ಮೇಲೆ ಜಿಯೋ 84 ದಿನಕ್ಕೆ 448ರ ಪ್ಯಾಕ್ ತಂದಿತು. 299ರದ್ದು 84 ದಿನಕ್ಕೆ ಮೂರು ಸಲ ಹಾಕಿದರೆ 897. ಅಂದರೆ ಡೇಟಾ ಬಿಟ್ಟರೆ 449 ಉಳಿತಾಯ, ತಿಂಗಳಿಗೆ ಸುಮಾರು 160 ರೂಪಾಯಿ.

ಓದುವ ಕೋಣೆಯಲ್ಲಿ ಒಳ್ಳೆ ವೈಫೈ ಇದ್ದರೆ, ದಿನಪೂರ್ತಿ ಅಲ್ಲೇ ಇರುವ ಹುಡುಗರು ಇಂಥ ಪ್ಯಾಕ್‌ಗೆ ಬದಲಾಗಬಹುದು. ತಿಂಗಳಿಗೆ 40 ರೂಪಾಯಿ ನಿಮಗೆ ಕೊಟ್ಟರೂ ಅವರಿಗೆ 120 ಉಳಿಯುತ್ತದೆ. ಹೀಗೆ ಹೇಳಿದರೆ ನನ್ನ ವ್ಯಾಪಾರಕ್ಕೇ ನಷ್ಟ, ಆದರೆ ಅವರು ನಮ್ಮ ಊರಿನ ಮಕ್ಕಳು.

ಭೀಮಾತೀರ · ಮಂಗಳವಾರ, 12:20

ಅಣ್ಣಾ, ಹೊರಗೆ ಊಟಕ್ಕೆ ಹೋದರೆ ಸ್ಕ್ಯಾನ್ ಮಾಡಿ ದುಡ್ಡು ಕೊಡಲು ಡೇಟಾ ಬೇಕಲ್ಲ? ಪರೀಕ್ಷೆಗೆ ಬೇರೆ ಊರಿಗೆ ಹೋದಾಗ ಸೆಂಟರ್ ಹುಡುಕಲು ಮ್ಯಾಪ್ ಬೇಕು. ಡೇಟಾ ಪೂರ್ತಿ ಬಿಡುವುದು ಆಗದ ಮಾತು.

ರೀಚಾರ್ಜ್‌ಅಂಗಡಿ · ಮಂಗಳವಾರ, 12:35

ಅದು ಖರೇ. ಎಲ್ಲರಿಗೂ ಹೊಂದುವುದಿಲ್ಲ. ದುಡ್ಡು ಕಳಿಸಲು *99# ಇದೆ, ನೆಟ್ ಇಲ್ಲದೆ ನಡೆಯುತ್ತದೆ, ಆದರೆ ನಿಧಾನ. ದಿನಾ ಒಂದೂವರೆ ಜಿಬಿ ಬೇಡದವರಿಗೆ 28 ದಿನಕ್ಕೆ 2 ಜಿಬಿ ಸಿಗುವಂಥ ಸಣ್ಣ ಪ್ಯಾಕ್ ನೋಡಬಹುದು.

ಒಬ್ಬಳು ಓದುಗಿ (ಕಲಬುರಗಿ) · ಮಂಗಳವಾರ, ರಾತ್ರಿ 8:30

ಇಲ್ಲಿ ಹುಡುಗಿಯರು ಯಾರೂ ಬರೆದಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ.

ಹೋದ ವರ್ಷ ನಾನು ಓದುತ್ತಿದ್ದ ಬೇರೊಂದು ಕಡೆ ಇದೇ ತರಹದ ಉಚಿತ ವೈಫೈ ಇತ್ತು. ನಂಬರ್ ಕೊಟ್ಟೆ. ಎರಡೇ ವಾರದಲ್ಲಿ ಕರೆ ಶುರುವಾದವು. ಸಾಲ ಬೇಕಾ, ಕೋಚಿಂಗ್ ಬೇಕಾ, ಮನೆಯಲ್ಲೇ ಕೂತು ಕೆಲಸ ಮಾಡುತ್ತೀರಾ ಅಂತ. ಹೆಸರು ಹಿಡಿದು ಕರೆಯುತ್ತಿದ್ದರು. ಒಮ್ಮೆ ರಾತ್ರಿ ಒಂಬತ್ತಕ್ಕೆ ಕರೆ ಬಂದಾಗ ಫೋನ್ ಅಪ್ಪನ ಕೈಯಲ್ಲಿತ್ತು. ಗಂಡಸಿನ ದನಿ, ನನ್ನ ಹೆಸರು. ಅದು ಯಾರು ಅಂತ ಮನೆಯಲ್ಲಿ ಮೂರು ದಿನ ವಿಚಾರಣೆ ನಡೆಯಿತು. ಓದು ಬಿಡಿಸಿ ಊರಿಗೆ ಕರೆದುಕೊಂಡು ಹೋಗುವ ಮಾತೂ ಬಂತು. ಅವ್ವ ನನ್ನ ಪರ ನಿಂತಿದ್ದಕ್ಕೆ ಇವತ್ತು ಇಲ್ಲಿದ್ದೇನೆ.

30 ಸೆಕೆಂಡಿನ ಜಾಹೀರಾತು ನೋಡಬಹುದು. ಇದನ್ನು ತಡೆದುಕೊಳ್ಳಲು ಆಗುವುದಿಲ್ಲ. ಸರ್, ಹುಡುಗಿಯರ ನಂಬರ್ ಯಾರ ಕೈಗೂ ಹೋಗದ ಹಾಗೆ ನೋಡಿಕೊಳ್ಳಿ. ದುಡ್ಡು ಎಷ್ಟು ಅಂತ ಹೇಳಿ, ನಾವು ಸೇರಿಸಿ ಕೊಡುತ್ತೇವೆ.

ಶಹಾಬಾದ್‌ಟೀಚರ್ · ಮಂಗಳವಾರ, ರಾತ್ರಿ 9:05

ತಂಗಿ, ನಿನ್ನ ಮಾತು ಓದಿ ಮನಸ್ಸಿಗೆ ಬಹಳ ತಟ್ಟಿತು. ನಾನು ನಿನ್ನೆ ಬರೆದದ್ದರಲ್ಲಿ ಇದು ನನ್ನ ತಲೆಗೆ ಬಂದಿರಲಿಲ್ಲ. ಪೇಪರಿನ ಜಾಹೀರಾತು ಯಾವತ್ತೂ ಯಾರ ಮನೆಗೂ ಫೋನ್ ಮಾಡಿಲ್ಲ. ನನ್ನ ಅಭಿಪ್ರಾಯ ಬದಲಾಯಿಸಿದ್ದೇನೆ.

1909ಕ್ಕೆ ದೂರು ಕೊಟ್ಟು ಇಂಥ ಕರೆ ತಡೆಯಬಹುದು, ಕೊಟ್ಟಿಲ್ಲ ಅಂದರೆ ಈಗಲೂ ಕೊಡು.

ಕೇಬಲ್‌ಕಾಕಾ · ಮಂಗಳವಾರ, ರಾತ್ರಿ 10:40

ಮಗಳು ಹೇಳಿದ ಮೇಲೆ ಇನ್ನು ವಾದ ಬೇಡ. ದುಡ್ಡು ಕೊಟ್ಟು ಲೈನ್ ತಗೊಳ್ಳುವ ದಾರಿ ಹೇಳುತ್ತೇನೆ.

ಮನೆಯ ಫೈಬರ್ ಪ್ಲಾನ್ 100 ಎಂಬಿಪಿಎಸ್‌ಗೆ ತಿಂಗಳಿಗೆ 699 ರೂಪಾಯಿಯಿಂದ ಸಿಗುತ್ತದೆ, ಜಿಎಸ್‌ಟಿ ಸೇರಿದರೆ 825. ಅದನ್ನೇ ಹಾಕಿಸಿ 40 ಜನಕ್ಕೆ ಹಂಚಬಹುದಲ್ಲ ಅಂತ ಅನಿಸುತ್ತದೆ. ಹಾಗೆ ಮಾಡಬೇಡಿ. ಮನೆಯ ಪ್ಲಾನ್ ಮನೆಗೆ ಮಾತ್ರ. ಆಮೇಲೆ ಯಾರೋ ಒಬ್ಬರು ಆ ಲೈನಿನಿಂದ ಏನಾದರೂ ತಪ್ಪು ಮಾಡಿದರೆ ಪೊಲೀಸರು ಬರುವುದು ಯಾರ ಹೆಸರಿನಲ್ಲಿ ಲೈನ್ ಇದೆಯೋ ಅವರ ಹತ್ತಿರ.

ಸರ್ಕಾರದ್ದೇ ಒಂದು ವ್ಯವಸ್ಥೆ ಇದೆ, ಪಿಎಂ-ವಾಣಿ ಅಂತ. 2020ರ ಡಿಸೆಂಬರ್ 9ರಂದು ಕೇಂದ್ರ ಸಂಪುಟ ಒಪ್ಪಿತು. ಕಿರಾಣಿ ಅಂಗಡಿ, ಚಹಾ ಅಂಗಡಿ ಯಾರು ಬೇಕಾದರೂ ವೈಫೈ ಇಟ್ಟು ಸಣ್ಣ ಸಣ್ಣ ಪ್ಯಾಕ್ ಮಾರಬಹುದು. ಹಿಂದೆ ಎಸ್‌ಟಿಡಿ ಬೂತ್ ಇರುತ್ತಿತ್ತಲ್ಲ, ಅದೇ ತರಹ. ಲೈಸೆನ್ಸ್ ಬೇಡ, ಅಂಗಡಿಯವರು ನೋಂದಣಿ ಮಾಡಿಸಬೇಕಿಲ್ಲ, ಶುಲ್ಕವೂ ಇಲ್ಲ. ಲಾಗಿನ್, ಲೆಕ್ಕ ಎಲ್ಲ ನೋಡಿಕೊಳ್ಳಲು ನೋಂದಾಯಿತ ಸಂಸ್ಥೆ ಬೇರೆ ಇರುತ್ತದೆ. ಅಂಗಡಿಯವರು ಅದರ ಜೊತೆ ಸೇರಿಕೊಳ್ಳಬೇಕು ಅಷ್ಟೇ.

ಇದು ಬಹಳ ಕಡೆ ಯಾಕೆ ಹಬ್ಬಲಿಲ್ಲ ಅಂದರೆ, ಅಂಗಡಿಯವರಿಗೆ ಕಂಪನಿಗಳು ದುಬಾರಿ ಲೀಸ್ಡ್ ಲೈನ್ (ಒಬ್ಬರಿಗೇ ಮೀಸಲಾದ ಲೈನ್) ತಗೊಳ್ಳಿ ಅನ್ನುತ್ತಿದ್ದವು. ಚಹಾ ಮಾರುವವನು ಅಷ್ಟು ಎಲ್ಲಿಂದ ತರಬೇಕು? 2025ರ ಜೂನ್‌ನಲ್ಲಿ ಟ್ರಾಯ್ ಇದಕ್ಕೆ ಮಿತಿ ಹಾಕಿತು. 200 ಎಂಬಿಪಿಎಸ್‌ವರೆಗಿನ ಫೈಬರ್‌ಗೆ ಮನೆಯ ದರದ ಎರಡು ಪಟ್ಟಿಗಿಂತ ಜಾಸ್ತಿ ಕೇಳುವಂತಿಲ್ಲ. ಅಂದರೆ 699ರ ಪ್ಲಾನಿಗೆ ಜಾಸ್ತಿ ಅಂದರೂ 1,398. ಜಿಎಸ್‌ಟಿ ಸೇರಿ 1,650. ನಿಮ್ಮ 40 ಜನಕ್ಕೆ ಹಂಚಿದರೆ ತಲೆಗೆ 41 ರೂಪಾಯಿ ಚಿಲ್ಲರೆ.

40 ಜನ ಒಟ್ಟಿಗೆ ಕೂತರೂ ತಲೆಗೆ ಎರಡೂವರೆ ಎಂಬಿಪಿಎಸ್ ಬರುತ್ತದೆ. ಪಾಠದ ವಿಡಿಯೋಗೆ ಸಾಕು. ಸಿನಿಮಾ ಡೌನ್‌ಲೋಡ್ ಮಾಡುವವರನ್ನು ನೀವು ನೋಡಿಕೊಳ್ಳಿ.

ತೊಗರಿಕಣಜ · ಬುಧವಾರ, ಬೆಳಿಗ್ಗೆ 7:30

ಕಾಕಾ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಜಾಹೀರಾತಿನ ದುಡ್ಡು ಬೇಡವೇ ಬೇಡ ಅಂತಿಲ್ಲ. ನ್ಯೂಯಾರ್ಕ್‌ನಲ್ಲಿ ಹಳೆ ಫೋನ್ ಬೂತ್ ತೆಗೆದು 2016ರಿಂದ ವೈಫೈ ಕಂಬ ನಿಲ್ಲಿಸಿದರು. ಜಾಹೀರಾತು ಇರುವುದು ಕಂಬದ ಮೇಲಿನ 55 ಇಂಚಿನ ಪರದೆಯಲ್ಲಿ. ದಾರಿಯಲ್ಲಿ ಹೋಗುವವರೆಲ್ಲ ಅದನ್ನು ನೋಡುತ್ತಾರೆ, ವೈಫೈ ಬಳಸುವವನು ವಿಡಿಯೋ ಮುಗಿಯಲಿ ಅಂತ ಕಾಯಬೇಕಿಲ್ಲ. ಅಷ್ಟು ದೊಡ್ಡ ಊರಿನಲ್ಲೂ ಅಂದುಕೊಂಡಷ್ಟು ಆದಾಯ ಬರಲಿಲ್ಲ, ನಡೆಸುವ ಕಂಪನಿ ನಗರಕ್ಕೆ ಕೊಡಬೇಕಾದ ಹಣ ಬಾಕಿ ಉಳಿಸಿಕೊಂಡಿತು. ಆದರೂ ಜಾಹೀರಾತು ಗೋಡೆ ಮೇಲೆ ಇರಲಿ, ಫೋನಿನ ಒಳಗೆ ಬೇಡ ಅನ್ನುವ ಯೋಚನೆ ನನಗೆ ಇಷ್ಟ.

ನಿಮ್ಮ ಕೋಣೆಗೆ ಹತ್ತುವ ಮೆಟ್ಟಿಲ ಹತ್ತಿರ ಗೋಡೆ ಇದೆಯಾ? ಪಕ್ಕದ ಖಾನಾವಳಿ, ಪುಸ್ತಕದ ಅಂಗಡಿ, ಝೆರಾಕ್ಸ್ ಅಂಗಡಿಯವರಿಗೆ ಒಂದು ಬೋರ್ಡಿಗೆ ತಿಂಗಳಿಗೆ ಇಷ್ಟು ಅಂತ ಕೇಳಿ ನೋಡಿ. ಅವರಿಗೆ ಬೇಕಾದ ಗಿರಾಕಿಗಳೇ ದಿನಾ ಆ ಮೆಟ್ಟಿಲು ಹತ್ತುವವರು. ಯಾರ ನಂಬರೂ ಯಾರಿಗೂ ಹೋಗುವುದಿಲ್ಲ.

ವಾಡಿಜಂಕ್ಷನ್ · ಬುಧವಾರ, 9:15

ಒಳ್ಳೆಯ ಮಾತು. ಆದರೂ ಬಸ್ ನಿಲ್ದಾಣ, ಆಸ್ಪತ್ರೆ ಇಂಥ ಕಡೆ ಹತ್ತು ನಿಮಿಷದ ಉಚಿತ ವೈಫೈ ಇರಲಿ ಅಂತಲೇ ನಾನು ಹೇಳುತ್ತೇನೆ. ರಾತ್ರಿ ಆಸ್ಪತ್ರೆ ಹೊರಗೆ ಡೇಟಾ ಮುಗಿದು, ಊರಿಗೆ ಸುದ್ದಿ ಕಳಿಸಲು ಆಗದೆ ಕೂತವರನ್ನು ನೋಡಿದ್ದೇನೆ. ಅಂಥ ಹೊತ್ತಿನಲ್ಲಿ ಒಂದು ಜಾಹೀರಾತು ನೋಡುವುದು ಯಾರಿಗೂ ಭಾರವಲ್ಲ. ದಿನಕ್ಕೆ ಹನ್ನೆರಡು ತಾಸು ಕೂತು ಓದುವ ಜಾಗ ಬೇರೆ.

ಓದಿನಮನೆ · ಶನಿವಾರ, ರಾತ್ರಿ 9:30

ಎಲ್ಲರಿಗೂ ಶರಣು. ತಡವಾಗಿ ಬರೆಯುತ್ತಿದ್ದೇನೆ.

ಗುರುವಾರ ಸಂಜೆ ಎಲ್ಲ ಹುಡುಗ ಹುಡುಗಿಯರನ್ನು ಕೂರಿಸಿ ಇಲ್ಲಿನ ಮಾತುಗಳನ್ನೆಲ್ಲ ಓದಿ ಹೇಳಿದೆ. 24 ರೂಪಾಯಿ, ಎರಡು ತಾಸು ಅನ್ನುವ ಲೆಕ್ಕ ಹೇಳಿದಾಗ ಕೋಣೆ ಸುಮ್ಮನಾಯಿತು. ಅಫಜಲಪುರದ ಒಬ್ಬ ಹುಡುಗ ಎದ್ದು, ಸರ್ ನಾನು ದಿನಾ ಎರಡು ಸಲ ಚಹಾ ಕುಡಿಯುತ್ತೇನೆ, ಇಡೀ ತಿಂಗಳಿಗೆ ಮೂರು ನಾಲ್ಕು ಚಹಾ ಬಿಟ್ಟರೆ ಲೈನಿನ ದುಡ್ಡು ಆಯಿತಲ್ಲ ಅಂದ.

ಶುಕ್ರವಾರ ಕಂಪನಿಯವರು ಬಂದರು. ನಂಬರ್‌ಗಳನ್ನು ಬೇರೆ ಯಾರಿಗೂ ಕೊಡುವುದಿಲ್ಲ ಅಂತ ಕಾಗದದ ಮೇಲೆ ಬರೆದು ಕೊಡಿ ಅಂತ ಕೇಳಿದೆ. ಅದು ನಮ್ಮ ಕೈಯಲ್ಲಿಲ್ಲ ಅಂದರು. ಕೈ ಮುಗಿದು ಕಳಿಸಿದೆ.

ಕೆಳಗಿನ ಖಾನಾವಳಿಯವರು ಮೆಟ್ಟಿಲ ಹತ್ತಿರ ಬೋರ್ಡ್ ಹಾಕಲು ತಿಂಗಳಿಗೆ 300 ಕೊಡಲು ಒಪ್ಪಿದ್ದಾರೆ. ಕಾಕಾ ಹೇಳಿದ ಪಿಎಂ-ವಾಣಿ ಲೈನಿನ 1,650ರಲ್ಲಿ ಅದು ಕಳೆದರೆ 1,350. ಹಾಗಾಗಿ ತಲೆಗೆ 35 ಇಟ್ಟಿದ್ದೇನೆ. 1,400 ಬರುತ್ತದೆ. ಕೊಡಲು ಆಗದವರು ಇಬ್ಬರು ಇದ್ದಾರೆ, ಅವರ ಹೆಸರು ನನಗೆ ಮಾತ್ರ ಗೊತ್ತು, ಅವರದ್ದು ನಾನು ಹಾಕುತ್ತೇನೆ. ಸಿಮ್ ಬಂದ್ ಆದವರಿಗೆ ಒಟಿಪಿ ತೊಂದರೆ ಆಗಬಾರದು ಅಂತ ಲಾಗಿನ್ ನೋಡುವ ಸಂಸ್ಥೆಯವರಿಗೆ ಕೇಳಿದ್ದೇನೆ. ಗುರುತಿನ ಚೀಟಿ ತೆಗೆದುಕೊಂಡು ದಾಖಲೆ ಮಾಡಲು ಬರುತ್ತದಾ ನೋಡಿ ಹೇಳುತ್ತೇವೆ ಅಂದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.

ಒಂದು ವಿಷಯ ಉಳಿದಿದೆ ಕಾಕಾ. ಬೇಸಿಗೆಯಲ್ಲಿ ಇಲ್ಲಿ ಕರೆಂಟ್ ಹೋದರೆ ಫ್ಯಾನು, ಲೈಟಿಗೆ ಇನ್ವರ್ಟರ್ ಇದೆ, ಆದರೆ ಅದರ ಮೇಲೆ ಈಗಲೇ ಭಾರ ಜಾಸ್ತಿ. ರೂಟರ್‌ಗೆ ಏನು ಮಾಡಲಿ?

ಕೇಬಲ್‌ಕಾಕಾ · ಶನಿವಾರ, ರಾತ್ರಿ 9:55

ರೂಟರ್ ಬಹಳ ಕಡಿಮೆ ಕರೆಂಟ್ ತಿನ್ನುತ್ತದೆ, ಇನ್ವರ್ಟರ್‌ಗೆ ಅದು ಭಾರವೇ ಅಲ್ಲ. ಆದರೂ ಬೇರೆ ಇಡುವುದಾದರೆ ರೂಟರ್‌ಗೆಂದೇ ಸಣ್ಣ 12 ವೋಲ್ಟಿನ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮೊದಲು ನಿಮ್ಮ ರೂಟರಿನ ಅಡಾಪ್ಟರ್ ಮೇಲೆ ಎಷ್ಟು ವೋಲ್ಟು, ಎಷ್ಟು ಆಂಪ್ ಅಂತ ಬರೆದಿದೆ ಅದನ್ನು ಫೋಟೋ ತೆಗೆದು ಇಲ್ಲಿ ಹಾಕಿ. ಮತ್ತೆ ರೂಟರನ್ನು ಪಶ್ಚಿಮದ ಗೋಡೆಗೆ ಹೊಡೆಯಬೇಡಿ. ನಮ್ಮ ಮೇ ತಿಂಗಳ ಬಿಸಿಲಿಗೆ ಆ ಗೋಡೆ ರಾತ್ರಿಯವರೆಗೂ ಸುಡುತ್ತಿರುತ್ತದೆ, ಪೆಟ್ಟಿಗೆ ಬಿಸಿಯಾಗಿ ನಿಂತು ನಿಂತು ನಡೆಯುತ್ತದೆ. ಒಳಗಿನ ಗೋಡೆಗೆ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ಹಾಕಿಸಿ. ಸೋಮವಾರ ಆ ಕಡೆ ಬರುವ ಕೆಲಸ ಇದೆ, ನಾನೇ ಬಂದು ನೋಡುತ್ತೇನೆ.